ಕಡಲ ಪಾಠಕ್ಕೆ ವಿಭಾಗಗಳ ಬೇಲಿ ಬೇಡ

ಮಾನ್ಯರೇ,

ಮಳೆಗಾಲ ಶುರುವಾದರೆ ಸಾಕು, ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆಯಿಂದ ಕಡಲ್ಕೊರೆತದ ಸುದ್ದಿ ಬರುತ್ತದೆ, ಲಾರಿಗಟ್ಟಲೆ ಬಂಡೆಕಲ್ಲು ಬಂದು ಬೀಳುತ್ತದೆ. ಅಂಥ ತಡೆಗೋಡೆಗಳ ಕೆಲಸದಲ್ಲಿ ಹಲವು ವರ್ಷ ದುಡಿದ ನನಗೆ, ಈ ಸಮಸ್ಯೆಯ ಒಂದು ಬೇರು ನಾವು ಕಡಲನ್ನು ಕಲಿಯುವ ಕ್ರಮದಲ್ಲೇ ಇದೆ ಎಂಬುದು ಖಚಿತವಾಗಿದೆ.

ಕಲ್ಲಿನ ತೂಕ, ಗೋಡೆಯ ಇಳಿಜಾರು, ಅಲೆಯ ಎತ್ತರ ಇವಿಷ್ಟನ್ನು ಲೆಕ್ಕ ಹಾಕಲು ನಮಗೆ ಕಲಿಸಿದ್ದರು. ಮುಂಗಾರಿನ ಅಲೆಗಳು ದಂಡೆಯ ಮರಳನ್ನು ಕಡಲೊಳಗೆ ಎಳೆದೊಯ್ಯುತ್ತವೆ, ಮಳೆ ಕಳೆದ ಮೇಲೆ ಸೌಮ್ಯ ಅಲೆಗಳು ಅದರಲ್ಲಿ ಬಹುಪಾಲನ್ನು ಮರಳಿ ತಂದು ಹಾಕುತ್ತವೆ ಎಂಬುದೂ ಗೊತ್ತಿತ್ತು. ಆ ಮರಳನ್ನು ನಂಬಿ ಯಾರು ಬದುಕುತ್ತಾರೆ ಎಂಬುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ಒಂದು ಊರಿನಲ್ಲಿ ಗೋಡೆ ಮುಗಿದ ದಿನ ಹಿರಿಯ ಮೀನುಗಾರರೊಬ್ಬರು ನನ್ನನ್ನು ಕರೆದು, ಕೈರಂಪಣಿ ಬಲೆ ಎಳೆಯುವವರು ಇನ್ನು ಎಲ್ಲಿ ನಿಲ್ಲಬೇಕು ಎಂದು ಕೇಳಿದರು. ಎರಡು ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯಲು ಇಳಿಜಾರಾದ ಮರಳ ದಂಡೆಯೇ ಬೇಕು; ಅಲ್ಲಿ ಉಳಿದದ್ದು ಚೂಪು ಬಂಡೆಗಳು. ನಕ್ಷೆ ತಯಾರಿಸಿದ ನಮ್ಮಲ್ಲಿ ಒಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಕೆದಕಿತು, ಕಲ್ಲುಗಳು ಜಾರಿ ಹೂತವು, ಗೋಡೆಯ ತುದಿಯಾಚೆಗಿನ ತೆಂಗಿನ ತೋಟಕ್ಕೆ ಕೊರೆತ ಹಬ್ಬಿತು.

ನಮ್ಮ ಕರಾವಳಿಯಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ (ಕೆಆರ್‌ಇಸಿ) ಆರಂಭವಾದ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ) ಕಡಲ ದಂಡೆಯಲ್ಲೇ ಇದೆ. ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್‌ಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ, ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಕಲಿಸುತ್ತಾರೆ. ಇವರೆಲ್ಲರೂ ಸೇರಿ, ಒಂದೇ ಪದವಿ ನೀಡುವ ಜಂಟಿ ಸ್ನಾತಕೋತ್ತರ ಕೋರ್ಸೊಂದನ್ನು ನಡೆಸಬೇಕು ಎಂಬುದು ನನ್ನ ಕೋರಿಕೆ.

ಅದಕ್ಕೆ ನೇತ್ರಾವತಿ–ಗುರುಪುರ ನದಿಗಳ ಅಳಿವೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕಿಲ್ಲ. ಬೋಟುಗಳು ಸುರಕ್ಷಿತವಾಗಿ ಒಳಬರಲು ಎಂಜಿನಿಯರ್‌ಗೆ ಅಲ್ಲಿ ಆಳ ಬೇಕು. ನದಿ ತರುವ ಮರಳು ಅಣೆಕಟ್ಟು, ಮರಳುಗಾರಿಕೆಗಳಿಂದ ಎಷ್ಟು ತಗ್ಗಿದೆ ಎಂದು ಭೂವಿಜ್ಞಾನಿ ನೋಡಬೇಕು. ಹೂಳೆತ್ತಿದರೆ ಮರುವಾಯಿ ಚಿಪ್ಪುಜೀವಿಯ ನೆಲೆ ಏನಾಗುತ್ತದೆ ಎಂದು ಜೀವಶಾಸ್ತ್ರಜ್ಞರು ಹೇಳಬೇಕು. ಅಳಿವೆ ಬಾಯಲ್ಲಿ ಅಲೆ ತಡೆಯುವ ಕಲ್ಲಿನ ಗೋಡೆ (ಬ್ರೇಕ್‌ವಾಟರ್) ಬಂದ ಮೇಲೆ ಉಳ್ಳಾಲದ ಕೊರೆತ ಹೆಚ್ಚಿತು ಎಂಬುದು ಅಲ್ಲಿನವರ ಬಹುಕಾಲದ ದೂರು. ಬಳಿಕ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಅದೇ ಉಳ್ಳಾಲದ ಕಡಲೊಳಗೆ ಅಲೆಯ ಹೊಡೆತ ತಗ್ಗಿಸುವ ಮುಳುಗುದಿಣ್ಣೆಗಳನ್ನು (ರೀಫ್) ಕಟ್ಟಲಾಯಿತು. ಇವುಗಳಿಂದ ಮರಳಿನ ಚಲನೆ ಹೇಗೆ ಬದಲಾಯಿತು ಎಂಬುದನ್ನು ವಿದ್ಯಾರ್ಥಿಗಳು ಪ್ರತಿ ತಿಂಗಳೂ ಅದೇ ಜಾಗಗಳಲ್ಲಿ ಅಳೆದು ದಾಖಲಿಸಬೇಕು. ಆ ಲೆಕ್ಕ ಕನ್ನಡದಲ್ಲಿ ಸ್ಥಳೀಯ ಆಡಳಿತದ ಕೈಗೂ ಸಿಗಬೇಕು.

ಮೀನುಗಾರರನ್ನು ಸಮೀಕ್ಷೆಯ ಪ್ರಶ್ನಾವಳಿ ತುಂಬಿಸಲಷ್ಟೇ ಕರೆಯದೆ, ಗೌರವಧನ ಕೊಟ್ಟು ಪಾಠಕ್ಕೆ ಕರೆಯಬೇಕೆಂದೂ ವಿನಂತಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲ್‌ಬೋಟಿನವರು ದಡದಲ್ಲೇ ಇರುತ್ತಾರೆ, ಮತ್ತು ಕಡಲು ದಂಡೆಯನ್ನು ಹೆಚ್ಚಾಗಿ ಕೊರೆಯುವುದೂ ಅದೇ 61 ದಿನಗಳಲ್ಲಿ. ಕೋರ್ಸಿನ ಮೊದಲ ತರಗತಿಯನ್ನು ಆಗಲೇ, ದಂಡೆಯ ಮೇಲೆಯೇ ಇಟ್ಟುಕೊಳ್ಳಬಹುದು.

ಇಂತಿ,
ನಿವೃತ್ತ ಸಿವಿಲ್ ಎಂಜಿನಿಯರ್, ಮಂಗಳೂರು