ಸನ್ಮಾನದಲ್ಲಿ ಪಾಲುದಾರರು ಬಹಳ ಮಂದಿ

ವಾಯುಪಡೆಯಿಂದ ನನ್ನ ನಿವೃತ್ತಿಯ ನೆಪದಲ್ಲಿ ಊರ ಹಿರಿಯರು, ಗೆಳೆಯರು ಸೇರಿ ಏರ್ಪಡಿಸಿದ್ದ ಸಮಾರಂಭಕ್ಕೆ ಬಸವನ ಬಾಗೇವಾಡಿಯಿಂದ, ವಿಜಯಪುರದಿಂದ ಬಂದಿದ್ದ ಎಲ್ಲರಿಗೂ ಶರಣು ಶರಣಾರ್ಥಿಗಳು. ಅಂದು ವೇದಿಕೆಯಲ್ಲಿ ಗಂಟಲು ಕಟ್ಟಿತು. ಹೇಳಬೇಕಾದದ್ದು ಉಳಿದುಹೋಯಿತು.

ಸ್ವಾಗತ ಭಾಷಣದಲ್ಲಿ ನನ್ನನ್ನು ಶತ್ರುಗಳ ಎದೆ ನಡುಗಿಸಿದ ವೀರ ಎಂದರು. ಏರ್ ವೈಸ್ ಮಾರ್ಷಲ್ ಎಂದರೆ ಭೂಸೇನೆಯ ಮೇಜರ್ ಜನರಲ್‌ಗೆ ಸಮನಾದ ಹುದ್ದೆ, ನಿಜ. ಆದರೆ ನಾನು ಹಾರಿಸಿದ್ದು ಸಾಗಣೆ ವಿಮಾನ. ಆಕಾಶದಿಂದ ಕೆಳಗೆ ಹಾಕಿದ್ದು ಹಿಟ್ಟು, ಬೇಳೆ, ಸೀಮೆಎಣ್ಣೆ. ಹಾಗೆಂದಾಗ ಮುಂದೆ ಕುಳಿತಿದ್ದ ಹುಡುಗರ ಮುಖ ಸಪ್ಪಗಾಯಿತು. ಅವರಿಗಾಗಿ ಒಂದಿಷ್ಟು ವಿವರಿಸುತ್ತೇನೆ.

1984ರಿಂದ ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೈನಿಕರಿದ್ದಾರೆ. ಅಲ್ಲಿಗೆ ರಸ್ತೆಯಿಲ್ಲ. ಎಎನ್-32 ವಿಮಾನದಲ್ಲಿ ಸಾಮಾನು ತುಂಬಿಕೊಂಡು ಚಂಡೀಗಢದಿಂದ ನಸುಕಿನಲ್ಲೇ ಹೊರಡಬೇಕು, ಏಕೆಂದರೆ ಹೊತ್ತೇರಿದಂತೆ ಬೆಟ್ಟಗಳ ನಡುವೆ ಗಾಳಿ ಕೆಡುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಹಿಂಬಾಗಿಲು ತೆರೆದರೆ ಒಳಗೂ ಹೊರಗಿನಷ್ಟೇ ಚಳಿ, ಹೊರಗಿನಷ್ಟೇ ತೆಳುಗಾಳಿ. ಹಸಿರು ದೀಪ ಹತ್ತಿದೊಡನೆ ಪ್ಯಾರಾಚೂಟ್ ಕಟ್ಟಿದ ಮೂಟೆಗಳು ಹಿಂದಕ್ಕೆ ಜಾರುತ್ತವೆ. ಹಿಂಭಾರವಾದ ಚಕ್ಕಡಿಯ ನೊಗ ಮೇಲೇಳುವಂತೆ ವಿಮಾನದ ಮೂತಿ ಏಳುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಪೈಲಟ್‌ನ ಕೆಲಸ. ಆದರೆ ಒಂದು ಮೂಟೆ ಬಾಗಿಲಲ್ಲಿ ಸಿಕ್ಕಿಕೊಂಡರೆ ಪೈಲಟ್ ಏನು ಮಾಡಿಯಾನು? ಆಮ್ಲಜನಕದ ಮುಖವಾಡ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಅದನ್ನು ಹೊರದಬ್ಬುತ್ತಿದ್ದವರು ಹಿಂದಿದ್ದರು. ಅವರು ನನ್ನನ್ನು ಎಷ್ಟು ಸಲ ಉಳಿಸಿದರೋ ಲೆಕ್ಕವಿಟ್ಟಿಲ್ಲ. ಆ ಮೂಟೆಗಳನ್ನು ಕಟ್ಟಿದ ಭೂಸೇನೆಯವರಿಗೆ, ದಾರಿ ಲೆಕ್ಕ ಹಾಕಿದ ನ್ಯಾವಿಗೇಟರ್‌ಗಳಿಗೆ, ಜನವರಿಯ ನಡುರಾತ್ರಿಯಲ್ಲಿ ಎಂಜಿನ್ ಪರೀಕ್ಷಿಸುತ್ತಿದ್ದ ತಂತ್ರಜ್ಞರಿಗೆ ನನ್ನ ಮೊದಲ ನಮಸ್ಕಾರ. ವಾಯುಪಡೆಯ ಎಷ್ಟೋ ಏರ್‌ಮನ್‌ಗಳ (ಅಧಿಕಾರಿ ದರ್ಜೆಗಿಂತ ಕೆಳಗಿನ ಸಿಬ್ಬಂದಿಯ) ಮೂಲ ತರಬೇತಿ ನಡೆಯುವುದು ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ. ಪೈಲಟ್ ಆಗಬೇಕೆಂದಷ್ಟೇ ಕೇಳುವ ನಮ್ಮ ಹುಡುಗರಿಗೆ ಇದು ಗೊತ್ತಿರಲಿ.

2004ರ ಸುನಾಮಿ ಕಾರ್ ನಿಕೋಬಾರ್‌ನ ವಾಯುನೆಲೆಯನ್ನು ಕೊಚ್ಚಿಹಾಕಿತು. ಕುಟುಂಬದವರೂ ಸೇರಿ ನಮ್ಮವರೇ ನೂರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಉಳಿದವರು ಆ ದುಃಖದಲ್ಲೇ, ರನ್‌ವೇಯಲ್ಲಿ ಉಳಿದಿದ್ದ ಭಾಗದ ಮೇಲೆ ನಮ್ಮ ವಿಮಾನಗಳನ್ನು ಇಳಿಸಿಕೊಂಡರು. ಅವರಿಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳಬೇಕೋ ತಿಳಿಯದು.

ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾಗದಿದ್ದರೆ ನಾನು ಅಪ್ಪನ ಜೋಳದ ಹೊಲದಲ್ಲೇ ಇರುತ್ತಿದ್ದೆ (ಅದೇನೂ ಕೀಳು ಕೆಲಸವಲ್ಲ, ಬೆನ್ನು ಮಾತ್ರ ಹೆಚ್ಚು ನೋಯುತ್ತಿತ್ತು). ಇಂಗ್ಲಿಷ್ ಬಾರದ ಹುಡುಗನನ್ನು ನಗದೆ ತಿದ್ದಿದ ಅಲ್ಲಿನ ಗುರುಗಳಿಗೆ, ಹಾಸ್ಟೆಲಿನ ಅಡುಗೆಯವರಿಗೆ ನಾನು ಋಣಿ. ಮುಂದೆ ಖಡಕ್‌ವಾಸ್ಲಾ, ದುಂಡಿಗಲ್, ಯಲಹಂಕಗಳಲ್ಲಿ ಪಡೆದ ತರಬೇತಿಗಳೆಲ್ಲವೂ ಆ ಅಡಿಪಾಯದ ಮೇಲೆಯೇ ನಿಂತವು.

ನನ್ನ ಮನೆಯವರು ವರ್ಗಾವಣೆಯ ಪ್ರತಿ ಆದೇಶಕ್ಕೂ ಪೆಟ್ಟಿಗೆ ಕಟ್ಟಿ, ಹೊಸ ಊರಿನಲ್ಲಿ ಮಕ್ಕಳಿಗೆ ಶಾಲೆ ಹುಡುಕಿದವರು. ಶಾಲು ಹೊದಿಸುವಾಗ ಅವರನ್ನೂ ವೇದಿಕೆಗೆ ಕರೆದದ್ದು ಆ ದಿನದ ಅತ್ಯಂತ ಸರಿಯಾದ ಕೆಲಸ.

ನೀವು ಕೊಟ್ಟ ಹಮ್ಮಿಣಿಯನ್ನು ಊರ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಲೆಕ್ಕ ಮುಖ್ಯೋಪಾಧ್ಯಾಯರ ಬಳಿ ಇದೆ, ಯಾರು ಬೇಕಾದರೂ ನೋಡಬಹುದು. ಬೆಳ್ಳಿಯ ಖಡ್ಗ ಮಾತ್ರ ಮನೆಯಲ್ಲಿದೆ. ಮೊಮ್ಮಕ್ಕಳ ಕೈಗೆ ಎಟುಕದ ಜಾಗವನ್ನು ಮನೆಯವರು ಇನ್ನೂ ಹುಡುಕುತ್ತಿದ್ದಾರೆ.