ಸ್ವಂತ ಸರ್ವರ್ ಇಟ್ಟರೆ ಸಾಲದು, ಬ್ಯಾಕಪ್ ತೆರೆದು ನೋಡಿ

ಮಾನ್ಯ ಸಂಪಾದಕರೇ,

ಲೇಖನಗಳನ್ನು ಆಮೇಲೆ ಓದಲು ಉಳಿಸಿಡುವ ಪಾಕೆಟ್ ಸೇವೆಯನ್ನು ಮೊಜಿಲ್ಲಾ 2025ರ ಜುಲೈ 8ರಂದು ನಿಲ್ಲಿಸಿದ ಮೇಲೆ, ಬುಕ್‌ಮಾರ್ಕ್‌ಗಳನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬೇಕು ಎನ್ನುವ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಮಾತು ಸರಿಯಾದದ್ದೇ. ಆದರೆ ಹೇಳುವವರು ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಆ್ಯಪ್ ಎದ್ದು ನಿಂತ ಕೂಡಲೇ ಪಾಠ ಮುಗಿಸಿಬಿಡುತ್ತಾರೆ. ಕೂಡಿಟ್ಟದ್ದು ಕೈತಪ್ಪುವುದು ಅಲ್ಲಿಂದ ಮುಂದೆಯೇ.

ಯಾವ ಆ್ಯಪ್ ಎಂಬುದನ್ನು ಮೊದಲು ತೀರ್ಮಾನಿಸಬೇಕು. ವಿಳಾಸ, ಟ್ಯಾಗ್, ಚಿಕ್ಕ ಟಿಪ್ಪಣಿ ಇಷ್ಟಿದ್ದರೆ ಸಾಕು ಎನ್ನುವವರಿಗೆ ಲಿಂಕ್‌ಡಿಂಗ್ ಅಥವಾ ಶಾರ್ಲಿ ಒಪ್ಪುತ್ತದೆ. ಲಿಂಕ್‌ಡಿಂಗ್ ಒಂದೇ ಕಂಟೇನರ್‌ನಲ್ಲಿ, ಇಡೀ ಡೇಟಾಬೇಸನ್ನು ಒಂದು ಎಸ್‌ಕ್ಯೂಲೈಟ್ ಫೈಲ್‌ನಲ್ಲಿ ಇಟ್ಟುಕೊಂಡು ನಡೆಯುತ್ತದೆ. ಶಾರ್ಲಿಗೆ ಡೇಟಾಬೇಸೇ ಬೇಡ. ಎರಡೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಭಾರವಲ್ಲ. ಆದರೆ ಮೂಲ ತಾಣ ಮುಚ್ಚಿದ ದಿನ ಬರೀ ವಿಳಾಸದಿಂದ ಏನೂ ಸಿಗುವುದಿಲ್ಲ. ಪಾಕೆಟ್ ಕೊನೆಗೆ ಕೊಟ್ಟ ಸಿಎಸ್‌ವಿ ಫೈಲ್‌ನಲ್ಲೂ ಶೀರ್ಷಿಕೆ, ವಿಳಾಸ, ಟ್ಯಾಗ್‌ಗಳಿದ್ದವೇ ಹೊರತು ಲೇಖನ ಇರಲಿಲ್ಲ. ಲೇಖನವೂ ಉಳಿಯಬೇಕೆಂದರೆ ವಲ್ಲಬ್ಯಾಗ್ ಅಥವಾ ಕರಾಕೀಪ್ ನೋಡಬೇಕು. ಕರಾಕೀಪ್ ಜತೆಗೆ ಪುಟ ತೆರೆಯುವ ಕ್ರೋಮ್ ಮತ್ತು ಹುಡುಕಾಟ ನಡೆಸುವ ಮೈಲಿಸರ್ಚ್ ಕೂಡ ಓಡುವುದರಿಂದ ಮೆಮೊರಿ ಹೆಚ್ಚು ಬೇಕು; ಕಮ್ಮಿ ಮೆಮೊರಿಯ ಯಂತ್ರದಲ್ಲಿ ಕ್ರೋಮ್ ನಡುವೆಯೇ ಸಾಯುತ್ತದೆ, ವಿಳಾಸ ಉಳಿದರೂ ಪುಟದ ಪ್ರತಿ ಬಂದಿರುವುದಿಲ್ಲ.

ಹೊಸಬರು ಮೊದಲು ಎಡವುವುದು ವಾಲ್ಯೂಮ್ (ಕಂಟೇನರ್‌ಗೆ ಹೊರಗಿನಿಂದ ಜೋಡಿಸುವ ಡಿಸ್ಕ್ ಜಾಗ) ವಿಷಯದಲ್ಲಿ. ಲಿಂಕ್‌ಡಿಂಗ್ ತನ್ನ ಡೇಟಾವನ್ನು ಕಂಟೇನರ್ ಒಳಗಿನ ಒಂದು ಫೋಲ್ಡರ್‌ಗೆ ಬರೆಯುತ್ತದೆ. ಆ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಜೋಡಿಸದೇ ಇದ್ದರೂ ತಿಂಗಳುಗಟ್ಟಲೆ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಅಪ್‌ಡೇಟ್ ಮಾಡಲೆಂದು ಹಳೆಯ ಕಂಟೇನರ್ ತೆಗೆದು ಹೊಸದನ್ನು ಎಬ್ಬಿಸಿದಾಗ ಖಾಲಿ ಪುಟ ಕಾಣುತ್ತದೆ. ಆದ್ದರಿಂದ ಮೊದಲ ದಿನವೇ ಐದಾರು ಬುಕ್‌ಮಾರ್ಕ್ ಸೇರಿಸಿ, ಕಂಟೇನರ್ ಅಳಿಸಿ, ಮತ್ತೆ ಎಬ್ಬಿಸಿ ನೋಡಬೇಕು.

ಕಂಟೇನರ್‌ಗೆ ಅಚ್ಚಿನಂತಿರುವ ಇಮೇಜ್‌ನ ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆಯ ಬದಲು 'ಲೇಟೆಸ್ಟ್' ಎಂದು ಬರೆಯುವುದೂ ಅಪಾಯವೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವ ಆ್ಯಪ್‌ಗಳಲ್ಲಿ 15ನೇ ಆವೃತ್ತಿಯ ಡೇಟಾ ಫೋಲ್ಡರನ್ನು 16ನೇ ಆವೃತ್ತಿ ಓದುವುದಿಲ್ಲ, ಡೇಟಾಬೇಸ್ ಏಳುವುದೇ ಇಲ್ಲ. ಹಳೆಯ ಆವೃತ್ತಿಯಲ್ಲಿ ಡಂಪ್ (ಡೇಟಾದ ಪೂರ್ಣ ಎಕ್ಸ್‌ಪೋರ್ಟ್) ತೆಗೆದು ಹೊಸದಕ್ಕೆ ಸುರಿಯಬೇಕು. ಆವೃತ್ತಿಯ ಸಂಖ್ಯೆಯನ್ನೇ ಬರೆದಿಟ್ಟರೆ ಈ ಪೆಟ್ಟು ನಾವು ಸಿದ್ಧರಿಲ್ಲದ ಹೊತ್ತಿನಲ್ಲಿ ಬೀಳುವುದಿಲ್ಲ.

ಭದ್ರತೆಯ ವಿಷಯದಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಡಾಕರ್ ತೆರೆದ ಪೋರ್ಟನ್ನು ಲಿನಕ್ಸ್‌ನ ಯುಎಫ್‌ಡಬ್ಲ್ಯು ಫೈರ್‌ವಾಲ್ ತಡೆಯುವುದಿಲ್ಲ, ಏಕೆಂದರೆ ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಒಳಗಿನ ಫೈರ್‌ವಾಲ್ ನಿಯಮಪಟ್ಟಿಯಾದ ಐಪಿಟೇಬಲ್ಸ್‌ಗೇ ಬರೆಯುತ್ತದೆ. ಲಿಂಕ್‌ಡಿಂಗ್‌ನ 9090 ಪೋರ್ಟ್ ಮುಚ್ಚಿದ್ದೇವೆ ಎಂದು ನಂಬಿ ಕುಳಿತವರ ಪುಟ ಹೊರಗೆ ತೆರೆದೇ ಇರಬಹುದು. ಪೋರ್ಟ್ ಸಂಖ್ಯೆಗೆ ಮೊದಲು 127.0.0.1 (ಆ ಯಂತ್ರದೊಳಗಿನ ವಿಳಾಸ) ಸೇರಿಸಿ, ಹೊರಗಿನ ಕೋರಿಕೆಗಳನ್ನು ಆ್ಯಪ್‌ಗೆ ದಾಟಿಸಲು ಕ್ಯಾಡಿಯಂಥ ಪ್ರಾಕ್ಸಿ ನಿಲ್ಲಿಸುವುದು ಸರಿಯಾದ ದಾರಿ. ಮನೆಯವರಷ್ಟೇ ಬಳಸುವುದಾದರೆ ಆ್ಯಪನ್ನು ಇಂಟರ್ನೆಟ್‌ಗೆ ತೆರೆಯುವ ಅಗತ್ಯವೇ ಇಲ್ಲ, ವೈರ್‌ಗಾರ್ಡ್ ಎಂಬ ವಿಪಿಎನ್ ಸಾಕು.

ಇನ್ನು ಬ್ಯಾಕಪ್. ಆ್ಯಪ್ ಓಡುತ್ತಿರುವಾಗ ಎಸ್‌ಕ್ಯೂಲೈಟ್ ಫೈಲನ್ನು ಸುಮ್ಮನೆ ಕಾಪಿ ಮಾಡಬಾರದು. ಹೊಸದಾಗಿ ಬರೆದದ್ದು ಪಕ್ಕದ 'ವಾಲ್' (WAL) ಫೈಲ್‌ನಲ್ಲೇ ಇನ್ನೂ ಉಳಿದಿರಬಹುದು. ಮುಖ್ಯ ಫೈಲ್ ಒಂದನ್ನೇ ಒಯ್ದರೆ ಇತ್ತೀಚಿನ ದಾಖಲೆಗಳು ಹೋಗುತ್ತವೆ, ಒಮ್ಮೊಮ್ಮೆ ಇಡೀ ಡೇಟಾಬೇಸೇ ಕೆಡುತ್ತದೆ. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಕಮಾಂಡ್ ಬಳಸಬೇಕು, ಇಲ್ಲವೇ ಕಂಟೇನರ್ ನಿಲ್ಲಿಸಿ ಕಾಪಿ ಮಾಡಬೇಕು. ಆ ಪ್ರತಿಯನ್ನು, ಪಾಸ್‌ವರ್ಡ್‌ನಿಂದ ಬೀಗ ಹಾಕಿಡುವ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನದ ಮೂಲಕ ಬೇರೆ ಡಿಸ್ಕ್‌ಗೂ ಬೇರೆ ಜಾಗಕ್ಕೂ ಕಳಿಸಬೇಕು. ಮೆಮೊರಿ ಕಾರ್ಡ್ ಸತತ ಬರವಣಿಗೆಗೆ ಸವೆಯುವ ವಸ್ತು, ಅದರಲ್ಲಿರುವ ಪ್ರತಿಯನ್ನು ನೆಚ್ಚುವಂತಿಲ್ಲ. ಇದರ ಜತೆಗೆ ತಿಂಗಳಿಗೊಮ್ಮೆ ಎಚ್‌ಟಿಎಂಎಲ್ ಎಕ್ಸ್‌ಪೋರ್ಟ್ ತೆಗೆದಿಡಿ. ಉಳಿಸಿದ ಪುಟಗಳ ಪ್ರತಿ ಅದರಲ್ಲಿ ಬರುವುದಿಲ್ಲ, ನಿಜ. ಆದರೆ ಸರ್ವರ್ ಇಲ್ಲದೆಯೂ ಯಾವುದೇ ಬ್ರೌಸರ್ ಅದನ್ನು ತೆರೆಯುತ್ತದೆ.

ಕಾಪಿ ಆಯಿತೆಂದು ಅಲ್ಲಿಗೇ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರ್‌ನಲ್ಲಿ ಅದೇ ಆವೃತ್ತಿಯ ಆ್ಯಪ್ ಎಬ್ಬಿಸಿ, ಬ್ಯಾಕಪ್ ತುಂಬಿ, ಬುಕ್‌ಮಾರ್ಕ್‌ಗಳ ಎಣಿಕೆ ತಾಳೆಯಾಗುತ್ತದೆಯೇ, ಕನ್ನಡದ ಟ್ಯಾಗ್ ಒಂದು ಹುಡುಕಿದರೆ ಸಿಗುತ್ತದೆಯೇ ನೋಡಿ. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಆ ಬ್ಯಾಕಪ್ ತೆರೆಯಲು ಬೇರೆ ದಾರಿಯೇ ಇಲ್ಲ. ಪಾಸ್‌ವರ್ಡ್‌ಗಳನ್ನೆಲ್ಲ ಅದೇ ಸರ್ವರ್‌ನಲ್ಲಿ ವಾಲ್ಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರ ಡಿಸ್ಕ್ ಹೋದರೆ ಬೀಗದ ಕೈ ಬೀಗದೊಳಗೇ ಉಳಿದಂತಾಗುತ್ತದೆ. ರೆಸ್ಟಿಕ್‌ನ ಈ ಒಂದು ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಮನೆಯ ಮುಖ್ಯ ಪತ್ರಗಳ ಜತೆ ಇಡಿ.

— ಓದುಗರೊಬ್ಬರು