ಗೇರ್‌ಬಾಕ್ಸ್ ಇಳಿಸುವ ಮೊದಲು ಮ್ಯಾಟ್ ಎತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ಬಿಡದೆ ಓದುತ್ತೇನೆ. ಬೆಳಗಾವಿಗೆ ತರಕಾರಿ ತರಲು ಹೋದಾಗ ಕೊಂಡು, ಗೋವಾಕ್ಕೆ ಬಂದ ಮೇಲೆ ಓದುವುದು. ಆ ಪುಟದಲ್ಲಿ ಬರುವುದೆಲ್ಲ ಹೊಸ ಗಾಡಿ, ಸನ್‌ರೂಫ್, ದೊಡ್ಡ ಪರದೆ, ಶೋರೂಂ ಬೆಲೆ. ಹದಿನೈದು ವರ್ಷ ದಾಟಿದ ಪಿಕಪ್ ಓಡಿಸಿ ಹೊಟ್ಟೆ ಹೊರೆಯುವವರಿಗೆ ಅಲ್ಲಿ ಒಂದು ಸಾಲೂ ಸಿಕ್ಕಿಲ್ಲ. ನನಗೆ ಈ ಮಳೆಗಾಲದಲ್ಲಿ ಆದದ್ದನ್ನು ಬರೆಯುತ್ತೇನೆ, ಪ್ರಕಟಿಸಿದರೆ ನನ್ನಂಥ ನಾಲ್ಕು ಮಂದಿಗೆ ಉಪಯೋಗವಾದೀತು.

ಮ್ಹಾಪಸಾದ ಶುಕ್ರವಾರದ ಸಂತೆಗೆಂದು ಗುರುವಾರ ರಾತ್ರಿ ಕೋಸು, ಬದನೆ, ಹಸಿಮೆಣಸಿನಕಾಯಿ ಹೇರಿಕೊಂಡು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಿದ್ದೆ. ಗಾಡಿ ಎರಡನೇ ಗೇರಿನಲ್ಲಿತ್ತು. ಒಂದು ತಿರುವಿನಲ್ಲಿ ಕ್ಲಚ್ ತುಳಿದರೆ ಕೆಸರಿಗೆ ಕಾಲಿಟ್ಟ ಹಾಗೆ ಪೆಡಲ್ ತಳಕ್ಕೆ ಹೋಯಿತು, ಮೇಲೆ ಬರಲಿಲ್ಲ. ಚಪ್ಪಲಿಯ ತುದಿಯಿಂದ ಎತ್ತಿ ಮತ್ತೆ ತುಳಿದೆ, ಅದೇ ಕಥೆ. ನ್ಯೂಟ್ರಲ್‌ಗೆ ಎಳೆಯಬಹುದಿತ್ತು. ಆದರೆ ಒಮ್ಮೆ ಎಳೆದರೆ ಮತ್ತೆ ಗೇರ್ ಬೀಳುವುದಿಲ್ಲ, ಅಷ್ಟೂ ಲೋಡು ಬ್ರೇಕಿನ ಮೇಲೆ. ಹಾಗೇ ಎರಡನೇ ಗೇರಿನಲ್ಲೇ ಘಾಟಿನ ಬುಡದ ಕೇರಿ ಎಂಬ ಊರಿನವರೆಗೆ ಇಳಿಸಿದೆ. ಅಲ್ಲಿಂದ ಮುಂದೆ ನಿಂತಲ್ಲೆಲ್ಲ ಎಂಜಿನ್ ಬಂದ್ ಮಾಡಿ, ಮೊದಲ ಗೇರ್ ಹಾಕಿ, ಹಾಗೇ ಚಾವಿ ತಿರುಗಿಸುವುದು. ಗಾಡಿ ಒಂಟೆಯಂತೆ ಜಗ್ಗಿ ಹೊರಡುತ್ತದೆ. ಸಾಖಳಿ, ಡಿಚೋಲಿ ದಾಟಿ ಮ್ಹಾಪಸಾ ಮುಟ್ಟಿದಾಗ ಬೆಳಕಾಗಿತ್ತು. ಬೆಳಗಿನ ಜಾವ, ರಸ್ತೆ ಖಾಲಿ, ಹಾಗಾಗಿ ನಡೆಯಿತು. ಜನರಿರುವ ಹೊತ್ತಿನಲ್ಲಿ ಯಾರೂ ಈ ಕೆಲಸ ಮಾಡಬೇಡಿ.

ಗ್ಯಾರೇಜಿನ ಹುಡುಗ ಸೀಟಿನಲ್ಲಿ ಕೂತು ಒಮ್ಮೆ ತುಳಿದ. ಬಾನೆಟ್ ಕೂಡ ಎತ್ತಲಿಲ್ಲ. 'ಪ್ಲೇಟ್ ಗಯಾ ಚಾಚಾ, ಗೇರ್‌ಬಾಕ್ಸ್ ಉತಾರ್‌ನಾ ಪಡೇಗಾ' ಅಂದ. ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ. ಎರಡು ದಿನ, ಹದಿನಾಲ್ಕು ಸಾವಿರ. ನಾನು ಹುಡುಗನಾಗಿದ್ದಾಗ ಬೆಳಗಾವಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಪಾನಾ ಎತ್ತಿಕೊಟ್ಟವನು. ಪ್ಲೇಟ್ ಸವೆದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಎಂಜಿನ್ ಕೂಗುತ್ತದೆ, ಗಾಡಿ ಏರು ಏರುವುದಿಲ್ಲ, ಸುಟ್ಟ ವಾಸನೆ. ನನ್ನದು ಅದರ ಉಲ್ಟಾ. ಎಂಜಿನ್ ಬಂದ್ ಇದ್ದಾಗ ಐದೂ ಗೇರ್ ಬೆಣ್ಣೆಯ ಹಾಗೆ ಬೀಳುತ್ತಿದ್ದವು, ಚಾಲೂ ಮಾಡಿದರೆ ರಿವರ್ಸ್ ಕರಕರ ಅನ್ನುತ್ತಿತ್ತು. ಅಂದರೆ ಪ್ಲೇಟ್ ಸವೆದು ಜಾರುತ್ತಿಲ್ಲ, ಕ್ಲಚ್ ತುಳಿದರೂ ಎಂಜಿನ್ನನ್ನು ಬಿಡುತ್ತಿಲ್ಲ. ಗಾಡಿಯನ್ನು ಹಾಗೇ ಜಗ್ಗಿಸುತ್ತ ಮನೆಗೆ ತಂದೆ.

ಕೇಬಲ್ ಕ್ಲಚ್ ಆಗಿದ್ದರೆ ಕೇಬಲ್ ನೋಡಿದರೆ ಮುಗಿಯಿತು. ನಮ್ಮ ಗಾಡಿಗಳದು ಆಯಿಲ್ ಕ್ಲಚ್. ಪೆಡಲ್ ಹಿಂದೆ ಅಪ್ಪರ್ ಸಿಲಿಂಡರ್, ಗೇರ್‌ಬಾಕ್ಸಿನ ಪಕ್ಕ ಲೋವರ್ ಸಿಲಿಂಡರ್, ನಡುವೆ ಬ್ರೇಕ್ ಆಯಿಲ್ ತುಂಬಿದ ಪೈಪು. ಕಾಲಿನ ಒತ್ತಡವನ್ನು ಆ ಆಯಿಲ್ ಕೆಳಗೆ ಹೊತ್ತೊಯ್ಯುತ್ತದೆ, ಲೋವರ್ ಕ್ಲಚ್ ಬಿಡಿಸುತ್ತದೆ. ಅದರಲ್ಲಿ ಗಾಳಿ ಸೇರಿದರೆ ಗಾಳಿಯೇ ಅಮುಕಿಕೊಳ್ಳುತ್ತದೆ, ಲೋವರ್ ಅಲುಗುವುದಿಲ್ಲ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಪಟಪಟ ಮೂರು ಸಲ ತುಳಿದೆ, ಗೇರ್ ಬಿತ್ತು. ತುಳಿದು ಹಿಡಿದುಕೊಂಡೆ, ಪೆಡಲ್ ಮೆಲ್ಲಗೆ ಕೆಳಗಿಳಿಯಿತು. ಅಪ್ಪರ್‌ನ ರಬ್ಬರ್ ಒಳಗೊಳಗೇ ಆಯಿಲ್ ಬಿಡುತ್ತಿದೆ ಎಂದು ಅಲ್ಲೇ ಅನುಮಾನ ಬಂತು. ಬಾನೆಟ್ ಎತ್ತಿದರೆ ಡಬ್ಬಿಯಲ್ಲಿ ಆಯಿಲ್ ಎರಡು ಬೆರಳು ಇಳಿದಿತ್ತು, ಬಣ್ಣ ಕಾಫಿ ಡಿಕಾಕ್ಷನ್‌ನಂತೆ. ಅಂದರೆ ಹೊರಗೂ ಸೋರುತ್ತಿದೆ. ಎಲ್ಲಿ?

ಕಾಲಡಿಯ ಮ್ಯಾಟ್ ಎತ್ತಿದೆ. ಹದಿನೈದು ದಿನದಿಂದ ಅಲ್ಲಿ ಒದ್ದೆ ಇತ್ತು. ಚಪ್ಪಲಿಗಂಟಿದ ಮಳೆನೀರು ಅಂತ ನಾನೇ ದಿನಾ ಬಟ್ಟೆಯಿಂದ ಒರೆಸುತ್ತಿದ್ದೆ! ಮಳೆನೀರು ಒಣಗುತ್ತದೆ, ಇದು ಒಣಗಿರಲಿಲ್ಲ. ಬೆರಳಿಗೆ ಜಾರು, ಮ್ಯಾಟ್ ಕೆಳಗಿನ ಪೇಂಟ್ ಪದರ ಪದರವಾಗಿ ಎದ್ದಿತ್ತು. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಉಳಿಯುವುದಿಲ್ಲ. ಪೆಡಲಿನ ಮೇಲಿನ ರಾಡ್ ಹಿಡಿದು ನೋಡಿದರೆ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

ಅಪ್ಪರ್ ಬಿಚ್ಚಿದೆ. ಒಳಗಿನ ರಬ್ಬರಿನ ತುಟಿ ಗಟ್ಟಿಯಾಗಿ ಒಂದು ಕಡೆ ಹರಿದಿತ್ತು. ಸಿಲಿಂಡರ್ ಒಳಗೆ ಉಗುರು ಆಡಿಸಿದೆ, ಎಲ್ಲೂ ತಡೆಯಲಿಲ್ಲ. ತಡೆದಿದ್ದರೆ ತುಕ್ಕು ತಿಂದಿದೆ ಎಂದರ್ಥ, ಆಗ ಕಿಟ್ (ಒಳಗಿನ ಹೊಸ ರಬ್ಬರ್‌ಗಳ ಪೊಟ್ಟಣ) ಹಾಕಿ ಪ್ರಯೋಜನವಿಲ್ಲ, ಸಿಲಿಂಡರೇ ಹೊಸದು ಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಚೋರ್ಲಾದ ಮಳೆ, ಕರಾವಳಿಯ ಹಸಿ ಗಾಳಿ, ನಾಲ್ಕು ವರ್ಷ ಬದಲಿಸದ ಆಯಿಲ್. ತಪ್ಪು ನನ್ನದೇ. ಇನ್ನೊಂದು, ಈ ರಬ್ಬರನ್ನು ಡೀಸೆಲ್, ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಉಬ್ಬಿಹೋಗುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಆಯಿಲ್ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದವರನ್ನೂ ಕಂಡಿದ್ದೇನೆ, ಅವರ ಗಾಡಿಯ ರಬ್ಬರ್‌ಗಳೆಲ್ಲ ಒಂದೇ ವಾರದಲ್ಲಿ ಹೋದವು.

ಲೋವರ್‌ಗೂ ಹೊಸ ಕಿಟ್ ಹಾಕಿದೆ. ಮೇಲೆ ಹೊಸ ರಬ್ಬರ್ ಬಂದು ಒತ್ತಡ ಸರಿಯಾದ ಮೇಲೆ ಕೆಳಗಿನ ಹಳತು ಬಹಳ ದಿನ ತಡೆಯುವುದಿಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಪೈಪಿನೊಳಗೆ ಸೇರಿದ ಏರ್, ಅಂದರೆ ಗಾಳಿ, ತೆಗೆಯಲು ಇಬ್ಬರು ಬೇಕು. ಮನೆಯಾಕೆಯನ್ನು ಸೀಟಿನಲ್ಲಿ ಕೂರಿಸಿ, ಲೋವರ್‌ನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿ ನಾನು ಕೆಳಗೆ ಮಲಗಿದೆ. 'ಒತ್ತು' ಅಂದಾಗ ಒತ್ತಿ ಹಿಡಿಯಬೇಕು, ನಾನು ನಿಪ್ಪಲ್ ಸಡಿಲಿಸಿ ಬಿಗಿದು 'ಬಿಡು' ಅನ್ನುವವರೆಗೂ ಕಾಲು ತೆಗೆಯಬಾರದು. ಮುಂಚೆ ತೆಗೆದರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ಮೊದಲು ಬರೀ ನೊರೆ ಬಂತು. ನಡುನಡುವೆ ಎದ್ದು ಡಬ್ಬಿ ತುಂಬಿಸಬೇಕು, ಅದು ಬರಿದಾದರೆ ಮೊದಲಿನಿಂದ ಶುರು. ಹದಿನಾರನೇ ಸಲಕ್ಕೆ 'ಇನ್ನ ಎಷ್ಟ್ರೀ, ರೊಟ್ಟಿ ಬಡೀಬೇಕು' ಅಂದಳು. ಇಪ್ಪತ್ತಾದ ಮೇಲೆ ಗುಳ್ಳೆ ನಿಂತಿತು. ಪೆಡಲ್ ಗಟ್ಟಿಯಾಗಿ ಕಾಲಿಗೆ ಎದುರು ಒತ್ತಿತು.

ಎರಡೂ ಕಿಟ್, ಆಯಿಲ್ ಸೇರಿ ಆರುನೂರು ರೂಪಾಯಿ ದಾಟಲಿಲ್ಲ. ಗೇರ್‌ಬಾಕ್ಸ್ ಎಂದೂ ಇಳಿಸಬಾರದು ಎಂದು ನಾನು ಹೇಳುತ್ತಿಲ್ಲ. ಪೆಡಲ್ ತುಳಿದಾಗ ಲೋವರ್‌ನ ರಾಡ್ ಪೂರ್ತಿ ಹೊರಬಂದು ಕ್ಲಚ್ ಬಿಡಿಸುವ ಫೋರ್ಕ್ ತಳ್ಳುತ್ತಿದ್ದರೂ ಗೇರ್ ಬೀಳದಿದ್ದರೆ ದೋಷ ಒಳಗಿದೆ, ಆಗ ಇಳಿಸಲೇಬೇಕು. ಕೆಲವು ಗಾಡಿಗಳಲ್ಲಿ ಲೋವರ್ ಸಿಲಿಂಡರೇ ಗೇರ್‌ಬಾಕ್ಸಿನ ಒಳಗಿರುತ್ತದೆ, ಅಲ್ಲೂ ಬೇರೆ ದಾರಿಯಿಲ್ಲ. ಆದರೆ ಅದನ್ನು ನೋಡಿ ಹೇಳಬೇಕು, ನೋಡದೆ ಅಲ್ಲ.

ಹೊಸ ಕಾರಿನ ಫೋಟೊ ಸ್ವಲ್ಪ ಚಿಕ್ಕದು ಮಾಡಿ, ಆ ಪುಟದ ಒಂದು ಮೂಲೆಯನ್ನು ವಾರಕ್ಕೊಮ್ಮೆ ಹಳೇ ಗಾಡಿಗಳಿಗೆ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಹೆಸರು ಹಾಕಬೇಡಿ. ಮುಂದಿನ ವಾರ ಹಿಂದಿನ ಚಕ್ರದ ಪಟ್ಟಾ (ಸ್ಪ್ರಿಂಗ್) ರಿಪೇರಿಗೆ ಅದೇ ಗ್ಯಾರೇಜಿಗೆ ಹೋಗಬೇಕಾಗಿದೆ.

– ತರಕಾರಿ ಪಿಕಪ್ ಮಾಲೀಕ, ಮ್ಹಾಪಸಾ, ಗೋವಾ (ಊರು ಬೈಲಹೊಂಗಲ ತಾಲ್ಲೂಕು)